ಕಾರು ನಿಲ್ಲಿಸುವ ಚಪ್ಪರಕ್ಕೆ ಯಾವ ಬಳ್ಳಿ? ಕಡ್ಡಿ ಚಿಗುರಿ ಆಮೇಲೆ ಒಣಗುವುದು ಯಾಕೆ?

ಕ್ಯಾತ್ಸಂದ್ರದ ಮನೆ:

ಎಲ್ಲರಿಗೂ ನಮಸ್ಕಾರ. ಮನೆ ಮುಂದೆ ಕಾರು ನಿಲ್ಲಿಸುವ ಜಾಗಕ್ಕೆ ಕಬ್ಬಿಣದ ಪೈಪಿನ ಚಪ್ಪರ ಹಾಕಿಸಿದ್ದೇವೆ. 18 ಅಡಿ ಉದ್ದ, 10 ಅಡಿ ಅಗಲ, ಎತ್ತರ 9 ಅಡಿ. ಮೇಲೆ ಶೀಟು ಹೊದಿಸೋಣ ಅಂತ ಮನೆಯವರು, ಬೇಡ ಬಳ್ಳಿ ಹಬ್ಬಿಸೋಣ ಅಂತ ನಾನು. ಸದ್ಯಕ್ಕೆ ನನ್ನ ಮಾತು ನಡೆದಿದೆ. ಆದರೆ ಬೇಗ ನೆರಳು ಕಾಣದಿದ್ದರೆ ಶೀಟು ಬರುವುದು ಗ್ಯಾರಂಟಿ.

ಜಾಗ ಪಶ್ಚಿಮಕ್ಕಿದೆ. ಮಧ್ಯಾಹ್ನ ಎರಡರಿಂದ ಸಂಜೆವರೆಗೆ ತುಮಕೂರಿನ ಬಿಸಿಲು ನೇರ ಹೊಡೆಯುತ್ತದೆ. ಕೆಂಪು ಮಣ್ಣು, ಆದರೆ ಮನೆ ಕಟ್ಟುವಾಗ ಬಿದ್ದ ಜಲ್ಲಿ, ಸಿಮೆಂಟ್ ಚೂರು ಎಲ್ಲ ಬೆರೆತಿದೆ. ನೀರು ಬೋರ್‌ವೆಲ್‌ದು. ವರ್ಷಕ್ಕೊಮ್ಮೆ ಒಣಗಿ ಹೋಗುವ ಬಳ್ಳಿ ಬೇಡ, ಕಾಂಡ ಮರದಂತೆ ಗಟ್ಟಿಯಾಗಿ ವರ್ಷಗಟ್ಟಲೆ ನಿಲ್ಲುವಂಥದ್ದು ಬೇಕು, ಹೂ ಚೆನ್ನಾಗಿ ಬಿಡಬೇಕು.

ಮನಸ್ಸಿನಲ್ಲಿ ಇರುವುದು ಮೂರು. ಬೋಗನ್‌ವಿಲ್ಲಾ, ರಂಗೂನ್ ಮಲ್ಲಿಗೆ, ಇನ್ನೊಂದು ಜಪಾನಿನ ಫೋಟೋಗಳಲ್ಲಿ ನೇರಳೆ ಗೊಂಚಲು ಗೊಂಚಲಾಗಿ ಇಳಿಬಿದ್ದಿರುತ್ತದಲ್ಲ, ವಿಸ್ಟೀರಿಯಾ. ತಿಪಟೂರಿನಲ್ಲಿ ನಾದಿನಿ ಮನೆಯ ಗೇಟಿಗೆ ಕಡುಗುಲಾಬಿ ಬೋಗನ್‌ವಿಲ್ಲಾ ಇದೆ, ದೊಡ್ಡದು. ಪಕ್ಕದ ಮನೆಯಲ್ಲಿ ರಂಗೂನ್ ಮಲ್ಲಿಗೆ ಇದೆ. ಹೀಗಿರುವಾಗ ದುಡ್ಡು ಕೊಟ್ಟು ಯಾಕೆ ತರಬೇಕು ಅಂತ ಬೋಗನ್‌ವಿಲ್ಲಾ ಕಡ್ಡಿ ತಂದು ಕುಂಡದಲ್ಲಿ ನೆಟ್ಟೆ, ಎಲ್ಲರೂ ಹೇಳುವ ಹಾಗೆ ತುದಿಗೆ ಸಗಣಿ ಮೆತ್ತಿ. ಚೆನ್ನಾಗಿ ಚಿಗುರಿತು. ಎಲೆ ಕೂಡ ಬಂತು. ಆಮೇಲೆ ಒಂದೊಂದೇ ಕಡ್ಡಿ ಜೋತುಬಿದ್ದು ಒಣಗಿತು. ಕಿತ್ತು ನೋಡಿದರೆ ಬೇರೇ ಇಲ್ಲ, ಬುಡ ಕಪ್ಪಗಾಗಿದೆ. ಚಿಗುರಿದ ಕಡ್ಡಿಗೆ ಬೇರು ಇರಲ್ವಾ?

ಇನ್ನೊಂದು. ರಂಗೂನ್ ಮಲ್ಲಿಗೆ ವಾಸನೆಗೆ ಹಾವು ಬರುತ್ತದೆ ಅಂತ ಅತ್ತೆ ಹಟ ಹಿಡಿದಿದ್ದಾರೆ. ನಿಜವಾ?

ಗೂಟಿ ಮಾಸ್ತರ್:

ಮೇಡಂ, ಮೊದಲು ಕಡ್ಡಿ ವಿಷಯ ಮುಗಿಸೋಣ, ಇದು ಹತ್ತರಲ್ಲಿ ಎಂಟು ಮನೆಯಲ್ಲಿ ಆಗುವ ಕತೆ.

ಚಿಗುರಿತು ಅಂದರೆ ಬೇರು ಬಂತು ಅಂತಲ್ಲ. ಗಟ್ಟಿ ಕಡ್ಡಿಯೊಳಗೆ ಗಿಡ ಮೊದಲೇ ಕೂಡಿಟ್ಟ ಆಹಾರ ಇರುತ್ತದೆ. ಗಿಣ್ಣಿನಲ್ಲಿ ಮೊಗ್ಗು ತಯಾರಾಗಿ ಕೂತಿರುತ್ತದೆ. ತೇವ ಸಿಕ್ಕಿ ಹವೆ ಬೆಚ್ಚಗಿದ್ದರೆ ಸಾಕು, ಆ ಆಹಾರ ತಿಂದುಕೊಂಡೇ ಎಲೆ ಬಿಡುತ್ತದೆ. ಬೇರಿನ ಕೆಲಸ ನಿಧಾನ. ಕತ್ತರಿಸಿದ ಬುಡದಲ್ಲಿ ಮೊದಲು ಗಾಯ ಮಾಯಬೇಕು, ಅಲ್ಲಿ ಬೆಳ್ಳಗೆ ಒರಟೊರಟಾಗಿ ಗಂಟು ಕಟ್ಟಿಕೊಳ್ಳುತ್ತದೆ, ಅದಾದ ಮೇಲೆ ಬೇರು ಹೊಸದಾಗಿ ಹುಟ್ಟಬೇಕು. ಬೋಗನ್‌ವಿಲ್ಲಾಕ್ಕೆ ಇದಕ್ಕೆಲ್ಲ ಆರರಿಂದ ಹತ್ತು ವಾರ ಹಿಡಿಯುತ್ತದೆ. ಎಲೆ ಎರಡು ಮೂರು ವಾರಕ್ಕೇ ಬಂದಿರುತ್ತದೆ. ಈ ನಡುವಿನ ಸಮಯವೇ ಅಪಾಯ. ಎಲೆ ನೀರನ್ನು ಆವಿ ಮಾಡಿ ಬಿಡುತ್ತಾ ಇರುತ್ತದೆ, ಕೆಳಗಿಂದ ನೀರು ಕಳಿಸಲು ಬೇರಿಲ್ಲ. ನಾವು ಚಿಗುರು ನೋಡಿದ ಖುಷಿಯಲ್ಲಿ ಕುಂಡವನ್ನು ಬಿಸಿಲಿಗೆ ಎಳೆದಿಟ್ಟು ದಿನಾ ನೀರು ಸುರಿಯುತ್ತೇವೆ. ಮೇಲೆ ಒಣಗುತ್ತದೆ, ಕೆಳಗೆ ಕೊಳೆಯುತ್ತದೆ. ನಿಮ್ಮ ಬುಡ ಕಪ್ಪಾದದ್ದು ಅದಕ್ಕೇ. ಕುಂಡದ ಮಣ್ಣಿಗೆ ಗೊಬ್ಬರ ಬೆರೆಸಿದ್ದಿರಾ? ಹಾಗಿದ್ದರೆ ಅದೂ ಒಂದು ಕಾರಣ. ಬೇರಿಲ್ಲದ ಕಡ್ಡಿಗೆ ಗೊಬ್ಬರ ತಿನ್ನಲು ಬಾಯಿಯೇ ಇಲ್ಲ, ಕೊಳೆಸುವ ಶಿಲೀಂಧ್ರಕ್ಕೆ ಮಾತ್ರ ಹಬ್ಬ. ತುದಿಗೆ ಸಗಣಿ ಮೆತ್ತುವುದರಲ್ಲಿ ತಪ್ಪಿಲ್ಲ, ಮೇಲಿನ ಗಾಯ ಒಣಗದಂತೆ ತಡೆಯುತ್ತದೆ, ಅಷ್ಟೇ. ಅದರಿಂದ ಬೇರು ಬರುವುದಿಲ್ಲ.

ಮುಂದಿನ ಸಲ ಹೀಗೆ ಮಾಡಿ. ಹೂ ಇರುವ ಎಳೆ ಕೊಂಬೆ ಬೇಡ. ತೀರಾ ಹಳೆಯ ಬೂದು ಕೊಂಬೆಯೂ ಬೇಡ. ಹಸಿರು ಹೋಗಿ ಕಂದು ಬಣ್ಣಕ್ಕೆ ತಿರುಗಿರುವ, ಪೆನ್ಸಿಲ್ ದಪ್ಪದ ಕಡ್ಡಿ ಆರಿಸಿ. ಆರರಿಂದ ಎಂಟು ಇಂಚು, ಮೂರು ನಾಲ್ಕು ಗಿಣ್ಣು ಇರಲಿ. ಕೆಳಗಿನ ಕತ್ತರಿ ಗಿಣ್ಣಿನ ಸ್ವಲ್ಪವೇ ಕೆಳಗೆ, ಓರೆಯಾಗಿ. ಮೇಲಿನದು ನೇರ. ಹೀಗೆ ಕತ್ತರಿಸಿದರೆ ಇನ್ನೊಂದು ಉಪಯೋಗ, ಕಡ್ಡಿಯನ್ನು ತಲೆಕೆಳಗಾಗಿ ನೆಡುವ ಪ್ರಶ್ನೆ ಬರುವುದಿಲ್ಲ. ನಗಬೇಡಿ, ಎಲೆ ಕಿತ್ತ ಮೇಲೆ ಯಾವುದು ಮೇಲೆ ಯಾವುದು ಕೆಳಗೆ ಅಂತ ಎಷ್ಟೋ ಜನಕ್ಕೆ ಗೊತ್ತಾಗುವುದಿಲ್ಲ. ಬುಡಕ್ಕೆ ಬೇರು ಬರಿಸುವ ಪುಡಿ ಮುಟ್ಟಿಸಿ, ಗೊಬ್ಬರದ ಅಂಗಡಿಯಲ್ಲಿ ಗಟ್ಟಿ ಕಡ್ಡಿಗೆ ಅಂತ ಕೇಳಿ, ಎಳೆ ಕಡ್ಡಿಗೆ ಬೇರೆ ಇರುತ್ತದೆ. ಅದರಲ್ಲಿರುವುದು ಐಬಿಎ ಅನ್ನುವ ಹಾರ್ಮೋನ್. ಹೆಚ್ಚಿಗೆ ಅಂಟಿದ್ದನ್ನು ತಟ್ಟಿ ಉದುರಿಸಿ. ಜಾಸ್ತಿ ಹಾಕಿದರೆ ಬೇಗ ಬರುವುದಿಲ್ಲ, ಬುಡ ಸುಡುತ್ತದೆ.

ಮಣ್ಣು ಬೇಡ. ದಪ್ಪ ಮರಳು ಅರ್ಧ, ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಅರ್ಧ. ನೀರು ನಿಲ್ಲಬಾರದು. ಮದುವೆ ಮನೆಯ ಪಾರದರ್ಶಕ ಪ್ಲಾಸ್ಟಿಕ್ ಲೋಟಕ್ಕೆ ತಳದಲ್ಲಿ ತೂತು ಮಾಡಿ ಅದರಲ್ಲಿ ನೆಟ್ಟರೆ ಬೇರು ಗೋಡೆಗೆ ಬಂದದ್ದು ಹೊರಗಿನಿಂದಲೇ ಕಾಣುತ್ತದೆ, ಕಿತ್ತು ಕಿತ್ತು ನೋಡುವ ಚಟ ತಪ್ಪುತ್ತದೆ. ಮೇಲೆ ಪ್ಲಾಸ್ಟಿಕ್ ಚೀಲ ಸಡಿಲವಾಗಿ ಮುಚ್ಚಿ. ಬೆಳಕು ಬರುವ ನೆರಳಿನಲ್ಲಿ ಇಡಿ, ನೇರ ಬಿಸಿಲು ಬೇಡ. ನಿಮ್ಮ ಕಡೆ ಮುಂಗಾರು ಶುರುವಾದ ಜೂನ್, ಜುಲೈ ಒಳ್ಳೆಯ ಸಮಯ, ಗಾಳಿಯಲ್ಲೇ ತೇವ ಇರುತ್ತದೆ.

ಟೆರೇಸ್ ರಾಯರು:

ಮಾಸ್ತರ್ ಹೇಳಿದ್ದು ಸರಿ, ಒಂದು ಸೇರಿಸುತ್ತೇನೆ. ಎಲ್ಲ ಎಲೆ ಕೀಳಬೇಡಿ. ಮೇಲಿನ ಎರಡು ಎಲೆ ಬಿಟ್ಟು ಅವನ್ನೂ ಅರ್ಧಕ್ಕೆ ಕತ್ತರಿಸಿ. ಎಲೆ ಇದ್ದರೆ ಬೇರಿಗೆ ಬೇಕಾದ ಆಹಾರ ಅಲ್ಲೇ ತಯಾರಾಗುತ್ತಾ ಇರುತ್ತದೆ. ನನ್ನ ಬೆಂಗಳೂರಿನ ತಾರಸಿಯಲ್ಲಿ ಇದೇ ಕ್ರಮ. ನೀರಿನ ಬಾಟಲಿಯಲ್ಲಿ ಕಡ್ಡಿ ಇಟ್ಟೂ ಬೇರು ಬರಿಸಿದ್ದೇನೆ, ಜನ ಆಗಲ್ಲ ಅನ್ನುತ್ತಾರೆ, ಆಗುತ್ತದೆ.

ಗೂಟಿ ಮಾಸ್ತರ್:

ರಾಯರೇ, ನೀರಿನಲ್ಲಿ ಬರುತ್ತದೆ, ಬರಲ್ಲ ಅಂತ ನಾನೂ ಹೇಳಲ್ಲ. ಆದರೆ ಬೋಗನ್‌ವಿಲ್ಲಾ ಬೇರು ಮೊದಲೇ ಪುಸಕ್ಕಂತ ಮುರಿಯುವಂಥದ್ದು, ನೀರಿನಲ್ಲಿ ಹುಟ್ಟಿದ್ದು ಇನ್ನೂ ನಾಜೂಕು, ಮಣ್ಣಿಗೆ ಹಾಕುವಾಗ ಅರ್ಧ ಹೋಗುತ್ತದೆ. ಎಲೆ ವಿಷಯಕ್ಕೆ, ಗಟ್ಟಿ ಕಡ್ಡಿಯಾದರೆ ನಾನು ಪೂರ್ತಿ ಬೋಳಿಸುತ್ತೇನೆ. ನಿಮ್ಮ ಹಾಗೆ ಚೀಲ ಮುಚ್ಚಿ ದಿನಾ ನೋಡಿಕೊಳ್ಳುವವರಿಗೆ ಎಲೆ ಬಿಟ್ಟರೂ ನಡೆಯುತ್ತದೆ.

ಟೆರೇಸ್ ರಾಯರು:

ಒಪ್ಪಲ್ಲ. ಆದರೆ ಇಬ್ಬರ ಗಿಡವೂ ಹೂ ಬಿಡುತ್ತಿದೆ, ಬಿಡಿ.

ಹಿತ್ತಲ ಗಿಡ:

ಅತ್ತೆಯವರ ಹಾವಿನ ಪ್ರಶ್ನೆಗೆ ಬರುತ್ತೇನೆ, ಯಾಕೆಂದರೆ ನಮ್ಮ ಮೈಸೂರಿನ ಮನೆಯಲ್ಲಿ ಇದೇ ಜಗಳ ಆಗಿತ್ತು. ಹೂವಿನ ವಾಸನೆ ಹುಡುಕಿಕೊಂಡು ಹಾವು ಬರುವುದಿಲ್ಲ. ಅದಕ್ಕೆ ಬೇಕಾದದ್ದು ಇಲಿ, ಕಪ್ಪೆ, ಅಡಗಲು ಜಾಗ. ಆದರೆ ಅತ್ತೆ ಹೇಳಿದ್ದನ್ನು ಸುಮ್ನೆ ತಳ್ಳಿಹಾಕಬೇಡಿ. ರಂಗೂನ್ ಮಲ್ಲಿಗೆಯ ಬುಡ ನೋಡಿದ್ದೀರಾ? ಬೇರಿನಿಂದ ಹತ್ತಾರು ಮರಿ ಎದ್ದು ಪೊದೆ ಕಟ್ಟಿಕೊಳ್ಳುತ್ತದೆ, ಒಣಗಿದ ಎಲೆ ಒಳಗೆ ಬಿದ್ದು ಬಿದ್ದು ಮೆತ್ತೆಯಾಗುತ್ತದೆ, ಇಲಿ ಬಿಲ ಮಾಡುತ್ತದೆ. ಆಮೇಲೆ ಹಾವು ಬಂದರೆ ಆಶ್ಚರ್ಯ ಏನು? ಬುಡದಿಂದ ಮೂರಡಿ ಎತ್ತರದವರೆಗೆ ಬರೀ ಒಂದೆರಡು ಕಾಂಡ ಇಟ್ಟುಕೊಂಡು ಉಳಿದದ್ದನ್ನು ಸವರಿ ಹಾಕಿ, ನೆಲ ಕಾಣುವಂತೆ ಗುಡಿಸಿ ಇಡಿ. ಅತ್ತೆಗೂ ಸಮಾಧಾನ, ಗಿಡಕ್ಕೂ ಒಳ್ಳೆಯದು.

ನನ್ನ ಕೇಳಿದರೆ ರಂಗೂನ್ ಮಲ್ಲಿಗೆಯೇ ಹಾಕಿ ಅನ್ನುತ್ತೇನೆ. ಸಂಜೆ ಅರಳುವಾಗ ಹೂ ಬಿಳಿ, ಉದ್ದ ತೊಟ್ಟಿನಲ್ಲಿ ಜೋತುಬಿದ್ದಿರುತ್ತದೆ. ಮರುದಿನ ತಿಳಿಗುಲಾಬಿ. ಅದರ ಮರುದಿನ ಕೆಂಪು. ಒಂದೇ ಗೊಂಚಲಿನಲ್ಲಿ ಮೂರೂ ಬಣ್ಣ ಒಟ್ಟಿಗೆ ಇರುತ್ತವೆ. ಬಿಳಿ ಇರುವಾಗ ರಾತ್ರಿ ಉದ್ದ ಸೊಂಡಿಲಿನ ಪತಂಗಗಳು ಬರುತ್ತವೆ, ಬಣ್ಣ ಏರಿದ ಮೇಲೆ ಹಗಲಿನಲ್ಲಿ ಜೇನು, ಚಿಟ್ಟೆ. ಸಂಜೆ ಏಳರ ಮೇಲೆ ಗೇಟು ತೆಗೆದರೆ ಪರಿಮಳ ಬೀದಿವರೆಗೆ ಇರುತ್ತದೆ.

ಇದಕ್ಕೆ ಕಡ್ಡಿಯ ತಲೆನೋವೇ ಬೇಡ. ಪಕ್ಕದ ಮನೆಯವರನ್ನು ಒಂದು ಮರಿ ಕೇಳಿ, ಗುದ್ದಲಿಯಿಂದ ಬೇರು ಸಮೇತ ಎಬ್ಬಿಸಿಕೊಳ್ಳಿ. ಮಳೆಗಾಲದಲ್ಲಿ ನೆಟ್ಟರೆ ತಪ್ಪಿದ್ದೇ ಇಲ್ಲ. ಮರಿ ಸಿಗದಿದ್ದರೆ ಉದ್ದ ಬಳ್ಳಿಯೊಂದನ್ನು ನೆಲಕ್ಕೆ ಬಗ್ಗಿಸಿ, ಒಂದು ಗಿಣ್ಣಿನ ಕೆಳಮೈಯಲ್ಲಿ ಸಿಪ್ಪೆ ಸ್ವಲ್ಪ ಹೆರೆದು, ಎರಡು ಮೂರು ಇಂಚು ಆಳಕ್ಕೆ ಹೂತು ಮೇಲೊಂದು ಕಲ್ಲು ಇಡಿ. ತುದಿ ಮಾತ್ರ ಹೊರಗೆ, ಕೋಲಿಗೆ ಕಟ್ಟಿ. ತಾಯಿ ಗಿಡ ಸಾಕುತ್ತಾ ಇರುತ್ತದಾದ್ದರಿಂದ ಒಣಗುವ ಭಯವಿಲ್ಲ. ಬಳ್ಳಿ ಉದ್ದ ಇದ್ದರೆ ಒಂದು ಗಿಣ್ಣು ಮಣ್ಣೊಳಗೆ, ಒಂದು ಹೊರಗೆ, ಮತ್ತೆ ಒಂದು ಒಳಗೆ, ಹೀಗೆ ಅಂಕುಡೊಂಕಾಗಿ ಮಲಗಿಸಿದರೆ ಒಂದೇ ಬಳ್ಳಿಯಿಂದ ನಾಲ್ಕು ಗಿಡ ಸಿಗುತ್ತವೆ. ಜಾಜಿ, ಮಲ್ಲಿಗೆಗೆ ನಮ್ಮಜ್ಜಿ ಮಾಡುತ್ತಿದ್ದದ್ದು ಇದನ್ನೇ.

ಒಂದು ಎಚ್ಚರಿಕೆ. ಹಳೆ ಎಲೆ ಉದುರಿದರೂ ತೊಟ್ಟಿನ ಬುಡ ಕಾಂಡದಲ್ಲೇ ಉಳಿದು ಮೊಂಡು ಮುಳ್ಳಾಗುತ್ತದೆ. ನೋಡಲು ಕಾಣಲ್ಲ, ಕೈ ಹಾಕಿ ಎಳೆದಾಗ ಗೊತ್ತಾಗುತ್ತದೆ.

ಮಡಿಕೇರಿ ಮಂಜು:

ಚಪ್ಪರ 9 ಅಡಿ ಎತ್ತರ ಇದೆ ಅಂದಮೇಲೆ ನಮ್ಮದೇ ಬಳ್ಳಿಯನ್ನು ಯಾರೂ ಹೇಳಲಿಲ್ಲವಲ್ಲ! ಥನ್‌ಬರ್ಜಿಯಾ ಮೈಸೊರೆನ್ಸಿಸ್. ಹೆಸರಲ್ಲೇ ಮೈಸೂರು ಇದೆ, ಪಶ್ಚಿಮ ಘಟ್ಟದ ದಕ್ಷಿಣ ಭಾಗದ್ದು. ವಿದೇಶದ ಗಾಜಿನ ಮನೆಗಳಲ್ಲಿ ಇದನ್ನು ಮುದ್ದು ಮಾಡಿ ಸಾಕುತ್ತಾರೆ, ನಮ್ಮಲ್ಲಿ ಕೇಳುವವರಿಲ್ಲ. ಹಳದಿ ಹೂ, ಅಂಚಿಗೆ ಕೆಂಪುಕಂದು ಬಣ್ಣ, ಬಾಯಿ ತೆರೆದುಕೊಂಡಿರುತ್ತದೆ. ಸರ ಸರವಾಗಿ ಚಪ್ಪರದ ಕೆಳಗೆ ಇಳಿಬಿಡುತ್ತದೆ, ಒಂದೂವರೆ ಎರಡು ಅಡಿ ಉದ್ದಕ್ಕೆ. ಸೂರಕ್ಕಿಗಳು ಬೆಳಗ್ಗೆಯಿಂದ ಬಂದು ಸರಕ್ಕೇ ಜೋತುಬಿದ್ದು ಜೇನು ಕುಡಿಯುತ್ತವೆ. ಇದನ್ನು ಗೋಡೆಗೆ ಹಬ್ಬಿಸಿದರೆ ಏನೂ ಚಂದ ಇಲ್ಲ, ಕೆಳಗೆ ನಿಂತು ತಲೆ ಎತ್ತಿ ನೋಡುವ ಹಾಗೆ ಚಪ್ಪರವೇ ಬೇಕು.

ಆದರೆ ಸತ್ಯ ಹೇಳಬೇಕಲ್ಲ, ಪಶ್ಚಿಮದ ಬಿಸಿಲು ಅಂದಿರಿ. ಇದಕ್ಕೆ ಬೇರು ತಂಪಾಗಿರಬೇಕು, ಗಾಳಿಯಲ್ಲಿ ತೇವ ಇರಬೇಕು. ಮಡಿಕೇರಿ, ಸಕಲೇಶಪುರ, ಮೂಡಿಗೆರೆ ಕಡೆ ಯೋಚನೆಯಿಲ್ಲ. ಬೆಂಗಳೂರಿನಲ್ಲಿ ಅರೆನೆರಳಿದ್ದರೆ ಬರುತ್ತದೆ. ತುಮಕೂರಿನ ಏಪ್ರಿಲ್‌ಗೆ ಅದರ ಎಲೆ ಸುಟ್ಟುಹೋಗುತ್ತದೆ ಅಂತ ನನ್ನ ಅನಿಸಿಕೆ. ಮನೆಯ ಪೂರ್ವಕ್ಕೋ ಉತ್ತರಕ್ಕೋ ಬೇರೆ ಜಾಗ ಇದ್ದರೆ ಅಲ್ಲಿಗೆ ಯೋಚಿಸಿ. ಇದರ ಕಡ್ಡಿ ಪೂರ್ತಿ ಗಟ್ಟಿಯಾಗಿರಬಾರದು, ಬಗ್ಗಿಸಿದರೆ ಬಾಗಬೇಕು, ಎರಡು ಗಿಣ್ಣು ಸಾಕು, ಚೀಲ ಮುಚ್ಚಲೇಬೇಕು. ಬೋಗನ್‌ವಿಲ್ಲಾದಷ್ಟು ಕಾಯಿಸುವುದಿಲ್ಲ.

ಇನ್ನೊಂದು ಮಾತು. ನರ್ಸರಿಯವರು ಕ್ಯಾಟ್ಸ್ ಕ್ಲಾ ಅಂತ ಹಳದಿ ಹೂವಿನ ಬಳ್ಳಿ ಕೊಡಲು ಬರುತ್ತಾರೆ, ಬೆಕ್ಕಿನ ಉಗುರಿನಂಥ ಕೊಕ್ಕೆಯಿಂದ ಹತ್ತುತ್ತದೆ. ಬೇಗ ಹಬ್ಬುತ್ತದೆ, ಬೇಸಿಗೆಗೆ ಮುಂಚೆ ಒಮ್ಮೆಗೇ ಚಿನ್ನದ ಹಾಗೆ ಹೂ ಬಿಡುತ್ತದೆ, ಎಲ್ಲ ಸರಿ. ಆದರೆ ನೆಲದೊಳಗೆ ಗೆಡ್ಡೆ ಕಟ್ಟುತ್ತದೆ, ಗಾಳಿಗೆ ಬೀಜ ಹಾರುತ್ತದೆ, ಒಮ್ಮೆ ಬಂದರೆ ಕಳಿಸುವುದು ಕಷ್ಟ. ಆಸ್ಟ್ರೇಲಿಯಾ, ದಕ್ಷಿಣ ಆಫ್ರಿಕಾದಲ್ಲಿ ಅದನ್ನು ಕಳೆ ಅಂತಲೇ ಘೋಷಿಸಿದ್ದಾರೆ. ಕಾಡಿನ ಪಕ್ಕ ಇರುವವರಂತೂ ಮುಟ್ಟಲೇಬೇಡಿ. ಸವರಿದ ಬಳ್ಳಿಯನ್ನು ರಸ್ತೆ ಬದಿಯ ಚರಂಡಿಗೆ ಎಸೆಯುವ ಅಭ್ಯಾಸ ಎಲ್ಲರಿಗೂ ಇದೆ, ಯಾವ ಬಳ್ಳಿಯಾದರೂ ಅದೊಂದು ಮಾಡಬೇಡಿ.

ಸರ್ರೆ ಕನ್ನಡಿಗ:

ವಿಸ್ಟೀರಿಯಾ ಬಗ್ಗೆ ನಾನು ಹೇಳಬಹುದು, ನಾನಿರುವುದು ಇಂಗ್ಲೆಂಡಿನಲ್ಲಿ, ಬಾಡಿಗೆ ಮನೆಯ ಗೋಡೆಗೆ ಹಳೆಯದೊಂದು ಇದೆ. ತುಮಕೂರಿಗೆ ಬೇಡ ಅಕ್ಕ. ಅದಕ್ಕೆ ಚಳಿಗಾಲದಲ್ಲಿ ನಿಜವಾದ ಚಳಿ ಬೇಕು, ಎಲೆಯೆಲ್ಲ ಉದುರಿಸಿ ಮಲಗಬೇಕು, ಆಮೇಲೆ ವಸಂತಕ್ಕೆ ಬೋಳು ಬಳ್ಳಿಯಲ್ಲೇ ಹೂ ಬರುತ್ತದೆ. ನಮ್ಮ ಕಡೆಯ ಡಿಸೆಂಬರ್ ಅದಕ್ಕೆ ಚಳಿಯೇ ಅಲ್ಲ. ಬದುಕಿದರೂ ಎಲೆ ಬಿಟ್ಟುಕೊಂಡು ಇರುತ್ತದೆ. ಆನ್‌ಲೈನ್‌ನಲ್ಲಿ ಬೀಜದ ಪೊಟ್ಟಣ ಮಾರುತ್ತಾರೆ, ಬಣ್ಣಬಣ್ಣದ ಫೋಟೋ ಹಾಕಿ. ಬೀಜದಿಂದ ಬೆಳೆಸಿದ್ದು ಇಲ್ಲಿಯ ಹವೆಯಲ್ಲೇ ಹೂ ಬಿಡಲು ಹತ್ತು ಹದಿನೈದು ವರ್ಷ ತೆಗೆದುಕೊಳ್ಳುತ್ತದೆ, ಅದಕ್ಕೇ ಎಲ್ಲರೂ ಕಸಿ ಗಿಡ ತರುತ್ತಾರೆ. ಬೀಜ ವಿಷ ಬೇರೆ, ಮಕ್ಕಳಿರುವ ಮನೆ ಅಂದರೆ ಅದನ್ನೂ ನೋಡಬೇಕು.

ಕೆಲಸವೂ ಕಡಿಮೆಯಿಲ್ಲ. ಬೇಸಿಗೆಯ ಕೊನೆಗೆ ಒಮ್ಮೆ ಉದ್ದ ಚಿಗುರನ್ನು ಐದಾರು ಎಲೆಗೆ ಕತ್ತರಿಸಬೇಕು, ಮತ್ತೆ ಜನವರಿ, ಫೆಬ್ರವರಿಯ ಚಳಿಯಲ್ಲಿ ಏಣಿ ಹತ್ತಿ ಎರಡು ಮೂರು ಮೊಗ್ಗಿಗೆ ಇಳಿಸಬೇಕು. ತಮಾಷೆ ಏನೆಂದರೆ ಚೀನಾದ ಜಾತಿ ಒಂದು ದಿಕ್ಕಿಗೆ ಸುತ್ತುತ್ತದೆ, ಜಪಾನಿನದು ಅದರ ವಿರುದ್ಧ ದಿಕ್ಕಿಗೆ. ಹೂ ಇಲ್ಲದಾಗಲೂ ಕಾಂಡ ನೋಡಿಯೇ ಯಾವುದು ಅಂತ ಹೇಳಬಹುದು. ಮನೆ ಮಾಲೀಕರಿಗೆ ಇದು ಗೊತ್ತಿರಲಿಲ್ಲ, ನಾನು ಹೇಳಿ ಸ್ವಲ್ಪ ಹೆಸರು ಮಾಡಿಕೊಂಡೆ.

ನೇರಳೆಯೇ ಬೇಕು ಅಂದರೆ ಊರಿನಲ್ಲಿ ಪೆಟ್ರಿಯಾ ಸಿಗುತ್ತದಲ್ಲ?

ಟೆರೇಸ್ ರಾಯರು:

ಸಿಗುತ್ತದೆ. ಎಲೆ ಮುಟ್ಟಿದರೆ ಉಪ್ಪುಕಾಗದದ ಹಾಗೆ ಒರಟು, ಅದೇ ಗುರುತು. ಫೆಬ್ರವರಿಯಿಂದ ಏಪ್ರಿಲ್‌ ನಡುವೆ ತಿಳಿನೇರಳೆ ಗೊಂಚಲು. ಒಂದು ಹೂ ಕೈಗೆ ತೆಗೆದುಕೊಂಡು ನೋಡಿ, ಕಡುನೇರಳೆಯ ಪುಟ್ಟ ಹೂ ಒಳಗಿದೆ, ಅದರ ಹಿಂದೆ ನಕ್ಷತ್ರದಂತೆ ಐದು ತಿಳಿನೇರಳೆ ಪುಷ್ಪಪತ್ರ. ಒಳಗಿನ ಹೂ ಕೆಲವೇ ದಿನಕ್ಕೆ ಉದುರುತ್ತದೆ, ನಕ್ಷತ್ರ ವಾರಗಟ್ಟಲೆ ಉಳಿಯುತ್ತದೆ. ಉದುರುವಾಗ ಫ್ಯಾನಿನಂತೆ ಗಿರಗಿರ ತಿರುಗುತ್ತಾ ಇಳಿಯುತ್ತದೆ, ನಮ್ಮ ಮೊಮ್ಮಗಳು ಮೇಲಿಂದ ಎಸೆದು ಎಸೆದು ಆಡುತ್ತಾಳೆ. ಬೆಳೆಯುವುದು ನಿಧಾನ. ಕಡ್ಡಿಯಿಂದ ಬರುವುದು ಇನ್ನೂ ನಿಧಾನ, ಇದಕ್ಕೆ ಗೂಟಿಯೇ ಸರಿ, ಅಂದರೆ ಕೊಂಬೆ ತಾಯಿ ಗಿಡದಲ್ಲಿ ಇರುವಾಗಲೇ ಅದಕ್ಕೆ ಬೇರು ಬರಿಸಿ ಆಮೇಲೆ ಕಡಿದುಕೊಳ್ಳುವುದು. ಅದನ್ನು ಮಾಸ್ತರ್ ಹೇಳಲಿ, ಹೆಸರು ಇಟ್ಟುಕೊಂಡಿದ್ದಾರೆ.

ಬೇಗ ಆಗಬೇಕು, ನೇರಳೆಯೂ ಬೇಕು ಅಂದರೆ ಬೆಳ್ಳುಳ್ಳಿ ಬಳ್ಳಿ. ಎಲೆ ಉಜ್ಜಿದರೆ ಬೆಳ್ಳುಳ್ಳಿ ಒಗ್ಗರಣೆ ವಾಸನೆ. ಹೂ ಅರಳುವಾಗ ಕಡುನೇರಳೆ, ಹೋಗ್ತಾ ಹೋಗ್ತಾ ಬೆಳ್ಳಗಾಗುತ್ತದೆ. ಮೂರು ಗಿಣ್ಣಿನ ಕಡ್ಡಿ ಚುಚ್ಚಿದರೆ ಸುಲಭವಾಗಿ ಬೇರು ಬರುತ್ತದೆ. ಆರಂಭದಲ್ಲಿ ಕಡ್ಡಿ ನೆಟ್ಟು ಕಲಿಯುವವರು ಇದರಿಂದಲೇ ಶುರು ಮಾಡಬೇಕು. ಆದರೆ ನರ್ಸರಿಯಿಂದ ತರುವುದಾದರೆ ಹೂ ಇರುವಾಗಲೇ ತನ್ನಿ. ನನಗೊಬ್ಬರು ಪೆಟ್ರಿಯಾ ಅಂತ ಚೀಟಿ ಕಟ್ಟಿ ಬೇರೇನೋ ಕೊಟ್ಟಿದ್ದರು, ಹೂ ಬಿಟ್ಟ ಮೇಲೆ ನೋಡಿದರೆ ಹಳದಿ ಅಲ್ಲಮಂಡಾ! ಅದರ ಬಿಳಿ ಹಾಲು ಚರ್ಮಕ್ಕೆ ಆಗಿಬರುವುದಿಲ್ಲ, ದನ ಕರು ಇರುವ ಮನೆಗೆ ಬೇಡ.

ಕ್ಯಾತ್ಸಂದ್ರದ ಮನೆ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಕುಂಡಕ್ಕೆ ಕೊಟ್ಟಿಗೆ ಗೊಬ್ಬರ ಧಾರಾಳವಾಗಿ ಹಾಕಿದ್ದೆ ಮಾಸ್ತರ್, ಈಗ ಗೊತ್ತಾಯಿತು. ವಿಸ್ಟೀರಿಯಾ ಕೈಬಿಟ್ಟೆ. ಮೂರಡಿ ಬುಡ ಬೋಳು ಇಡುವ ಮಾತು ಅತ್ತೆಗೆ ಓದಿ ಹೇಳಿದೆ, "ಅದನ್ನೇ ತಾನೇ ನಾನು ಹೇಳಿದ್ದು" ಅಂದರು. ಅವರು ಹೇಳಿದ್ದು ಅದಲ್ಲ, ಇರಲಿ.

ಪಶ್ಚಿಮದ ಕಂಬಕ್ಕೆ ಬೋಗನ್‌ವಿಲ್ಲಾ, ಗೇಟಿನ ಕಡೆಯ ಕಂಬಕ್ಕೆ ರಂಗೂನ್ ಮಲ್ಲಿಗೆ ಅಂದುಕೊಂಡಿದ್ದೇನೆ. ಎರಡೂ ಜೊತೆಗೆ ಆಗುತ್ತಾ? ಕಾರಿನ ಬಣ್ಣಕ್ಕೆ ಏನಾದರೂ ತೊಂದರೆ ಇದೆಯಾ? ತಿಪಟೂರಿಗೆ ಹೇಗೂ ಹೋಗಿ ಬಂದು ಮಾಡುತ್ತೇವೆ, ಅಲ್ಲಿ ಗೂಟಿ ಕಟ್ಟಿ ಬರಬಹುದಾ? ಕಟ್ಟುವುದು ಹೇಗೆ ಅಂತ ಸ್ವಲ್ಪ ವಿವರವಾಗಿ ಹೇಳಿ. ಮುಳ್ಳಿನ ಗಿಡ ಮನೆ ಮುಂದೆ ಬೇಡ ಅಂತ ವಾಸ್ತು ಹೇಳುವವರೂ ಒಬ್ಬರು ಬಂದು ಹೋದರು.

ಗೂಟಿ ಮಾಸ್ತರ್:

ವಾಸ್ತು ನನಗೆ ಗೊತ್ತಿಲ್ಲ ಮೇಡಂ, ಮುಳ್ಳು ಗೊತ್ತು. ಕಾರಿನ ಬಾಗಿಲು ತೆಗೆಯುವ ಕಡೆಗೆ ತಲೆ ಎತ್ತರದ ಕೊಂಬೆ ಉಳಿಸಬೇಡಿ, ಕಣ್ಣಿಗೆ ಚುಚ್ಚುತ್ತದೆ. ಆ ದೃಷ್ಟಿಯಿಂದ ವಾಸ್ತುನವರು ಹೇಳಿದ್ದರಲ್ಲೂ ಅರ್ಥ ಇದೆ.

ಗೂಟಿ ಕಟ್ಟಬಹುದು, ನಿಮಗೆ ಅದೇ ಒಳ್ಳೆಯದು. ಕಡ್ಡಿಗಿಂತ ದೊಡ್ಡ ಗಿಡ ಕೈಗೆ ಬರುತ್ತದೆ, ಹೂವೂ ಬೇಗ. ಮಳೆ ಹಿಡಿದ ಮೇಲೆ ನಾದಿನಿ ಮನೆಯಲ್ಲಿ ಪೆನ್ಸಿಲ್‌ಗಿಂತ ದಪ್ಪ, ಹೆಬ್ಬೆರಳಿಗಿಂತ ಸಣ್ಣ ಕೊಂಬೆ ನೋಡಿಕೊಳ್ಳಿ, ನೆಟ್ಟಗೆ ಮೇಲಕ್ಕೆ ಹೋಗಿರುವಂಥದ್ದು. ತುದಿಯಿಂದ ಒಂದೂವರೆ ಅಡಿ ಕೆಳಗೆ, ಗಿಣ್ಣಿನ ಕೆಳಗೇ, ಸುತ್ತಲೂ ಒಂದಿಂಚು ಅಗಲ ಸಿಪ್ಪೆ ಬಳೆಯ ಹಾಗೆ ತೆಗೆಯಿರಿ. ಇಲ್ಲಿ ಎಲ್ಲರೂ ಬಿಡುವುದು ಒಂದು ಕೆಲಸ. ಸಿಪ್ಪೆ ತೆಗೆದ ಮೇಲೆ ಒಳಗಿನ ಕಟ್ಟಿಗೆ ಜಾರುಜಾರಾಗಿ, ಹಸಿಯಾಗಿ ಇರುತ್ತದೆ. ಆ ಲೋಳೆಯನ್ನು ಚಾಕುವಿನ ಬೆನ್ನಿನಿಂದ ಕೆರೆದು ಒಣ ಕಟ್ಟಿಗೆ ಕಾಣುವಂತೆ ಮಾಡಬೇಕು. ಬಿಟ್ಟರೆ ಸಿಪ್ಪೆ ಮತ್ತೆ ಕೂಡಿಕೊಳ್ಳುತ್ತದೆ, ಬೇರು ಬರುವುದಿಲ್ಲ, ಎರಡು ತಿಂಗಳು ಬಿಟ್ಟು ಬಿಚ್ಚಿ ನೋಡಿದರೆ ಗಾಯ ಮಾಯ್ದು ಕೂತಿರುತ್ತದೆ.

ಇದು ಕೆಲಸ ಮಾಡುವ ರೀತಿ ಗೊತ್ತಿದ್ದರೆ ತಪ್ಪಾಗುವುದಿಲ್ಲ. ನೀರು ಮೇಲಕ್ಕೆ ಹೋಗುವುದು ಕಟ್ಟಿಗೆಯಲ್ಲಿ, ಅದಕ್ಕೆ ನಾವು ಕೈ ಹಾಕಿಲ್ಲ, ಹಾಗಾಗಿ ಕೊಂಬೆ ಬಾಡುವುದಿಲ್ಲ. ಎಲೆ ಮಾಡಿದ ಆಹಾರ ಕೆಳಗೆ ಇಳಿಯುವುದು ಸಿಪ್ಪೆಯಲ್ಲಿ. ದಾರಿ ಕಡಿದಿದ್ದೇವೆ, ಅದು ಬಳೆಯ ಮೇಲಂಚಿನಲ್ಲಿ ಬಂದು ನಿಲ್ಲುತ್ತದೆ. ಬೇರು ಹುಟ್ಟುವುದು ಆ ಮೇಲಂಚಿನಲ್ಲೇ. ಆದ್ದರಿಂದ ಪುಡಿ ಹಚ್ಚುವುದಿದ್ದರೆ ಅಲ್ಲಿಗೆ ಹಚ್ಚಿ, ಕೆಳಗಿನ ಅಂಚಿಗೆ ಹಚ್ಚಿ ಪ್ರಯೋಜನ ಇಲ್ಲ.

ಆಮೇಲೆ ನೆನೆಸಿದ ಕೋಕೋಪೀಟ್ ಅಥವಾ ಪಾಚಿಯನ್ನು ಕೈಯಲ್ಲಿ ಹಿಂಡಿ, ನೀರು ತೊಟ್ಟಿಕ್ಕದ ಹಾಗೆ ಉಂಡೆ ಕಟ್ಟಿ ಸುತ್ತಲೂ ಮೆತ್ತಿ. ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಸುತ್ತಿ ಮೇಲೆ ಕೆಳಗೆ ಎರಡೂ ಕಡೆ ಬಿಗಿಯಾಗಿ ಕಟ್ಟಿ, ಮಳೆ ನೀರು ಒಳಗೆ ಹೋಗಬಾರದು. ಬಿಸಿಲು ಬೀಳುವ ಕಡೆಯಾದರೆ ಅದರ ಮೇಲೆ ಬಟ್ಟೆ ಸುತ್ತಿ. ಆರರಿಂದ ಎಂಟು ವಾರ. ಒಂದಲ್ಲ, ನಾಲ್ಕೈದು ಕೊಂಬೆಗೆ ಕಟ್ಟಿ ಬನ್ನಿ, ನಾದಿನಿಯವರ ಒಪ್ಪಿಗೆ ಕೇಳಿಕೊಂಡು.

ಎರಡು ಬಳ್ಳಿ ಜೊತೆಗೆ ಆಗುತ್ತದೆ, ಆದರೆ ರಂಗೂನ್ ಮಲ್ಲಿಗೆ ರೌಡಿ. ಬಿಟ್ಟರೆ ಬೋಗನ್‌ವಿಲ್ಲಾ ಮೇಲೆ ಹೋಗಿ ಮಲಗುತ್ತದೆ, ಬೋಗನ್‌ವಿಲ್ಲಾಕ್ಕೆ ನೆರಳು ಬಿದ್ದರೆ ಹೂ ಇಲ್ಲ. ಚಪ್ಪರದ ನಡುವೆ ಒಂದು ಗಡಿ ಇಟ್ಟುಕೊಂಡು ವರ್ಷಕ್ಕೆ ಎರಡು ಸಲ ಸವರಬೇಕು. ಅಷ್ಟು ಆಗದಿದ್ದರೆ ಒಂದೇ ಹಾಕಿ. ಪಶ್ಚಿಮದ ಬಿಸಿಲು, ಬೋರ್ ನೀರು ಎಲ್ಲ ನೋಡಿದರೆ ಒಂದೇ ಅಂದಾಗ ನನ್ನ ಓಟು ಬೋಗನ್‌ವಿಲ್ಲಾಕ್ಕೆ. ಹಿತ್ತಲ ಗಿಡದವರು ಬೇಜಾರು ಮಾಡಿಕೊಳ್ಳಬಾರದು.

ಗುಂಡಿ 2 ಅಡಿ ಉದ್ದ, ಅಗಲ, ಆಳ. ಕಂಬದಿಂದ ಒಂದೂವರೆ ಅಡಿ ದೂರ, ಕಂಬದ ಕಾಂಕ್ರೀಟ್ ತಪ್ಪಿಸಿ. ಜಲ್ಲಿ, ಸಿಮೆಂಟು ಪೂರ್ತಿ ಎತ್ತಿ ಹೊರಗೆ ಹಾಕಿ ಹೊರಗಿನ ಕೆಂಪು ಮಣ್ಣು, ಕೊಟ್ಟಿಗೆ ಗೊಬ್ಬರ, ಒಂದೆರಡು ಹಿಡಿ ಬೇವಿನ ಹಿಂಡಿ. ನಿಮ್ಮ ಧಾರಾಳ ಗೊಬ್ಬರ ಇಲ್ಲಿ ತೋರಿಸಿ. ಬೋಗನ್‌ವಿಲ್ಲಾ ತಾನಾಗಿ ಸುತ್ತುವ ಬಳ್ಳಿಯಲ್ಲ, ಮುಳ್ಳಿನಿಂದ ಒರಗಿಕೊಂಡು ಹೋಗುತ್ತದೆ, ಕಟ್ಟಿಕೊಡಬೇಕು. ಕಬ್ಬಿಣದ ತಂತಿ ಬೇಡ, ಕಾಂಡ ದಪ್ಪ ಆದಾಗ ಕುಯ್ದುಕೊಂಡು ಒಳಗೆ ಹೋಗುತ್ತದೆ. ಹಳೆ ಬನಿಯನ್ ಹರಿದು ಎಂಟರ ಆಕಾರದಲ್ಲಿ ಸಡಿಲವಾಗಿ ಕಟ್ಟಿ. ಒಂದೇ ಕಾಂಡ ಮೇಲಕ್ಕೆ ಹೋಗಲಿ, ಪಕ್ಕದ ಚಿಗುರೆಲ್ಲ ಚಿವುಟಿ, ಚಪ್ಪರ ಮುಟ್ಟಿದ ಮೇಲೆ ತುದಿ ಕತ್ತರಿಸಿ. ಅಲ್ಲಿಂದ ನಾಲ್ಕು ದಿಕ್ಕಿಗೂ ಕವಲು ಒಡೆಯುತ್ತದೆ. ಹಾಗೆ ಮಾಡದೆ ಬುಡದಿಂದಲೇ ಪೊದೆ ಮಾಡಿಕೊಂಡವರ ಚಪ್ಪರ ಎಂದೂ ತುಂಬುವುದಿಲ್ಲ.

ಬೇರೂರಿದ ಮೇಲೆ ನೀರಿಗೆ ಕೈ ಬಿಗಿ ಹಿಡಿಯಿರಿ. ಮಳೆ ನಿಂತ ನವೆಂಬರ್‌ನಿಂದ ಎಲೆ ಸ್ವಲ್ಪ ಸೊರಗುವವರೆಗೆ ನೀರು ಬಿಡಬೇಡಿ. ಯೂರಿಯಾ ಮುಟ್ಟಬೇಡಿ, ಬರೀ ಎಲೆ ಬರುತ್ತದೆ. ಹೂ ಬರುವುದು ಹೊಸ ಚಿಗುರಿನಲ್ಲಿ, ಆದ್ದರಿಂದ ಒಂದು ಸುತ್ತು ಹೂ ಮುಗಿದಾಗ ತುದಿ ಸವರಿ.

ಕಾರಿನ ಬಣ್ಣಕ್ಕೆ ಬೋಗನ್‌ವಿಲ್ಲಾದಿಂದ ತೊಂದರೆ ಇಲ್ಲ. ಬಣ್ಣದ್ದೆಲ್ಲ ಹೂವಲ್ಲ, ಎಲೆಯ ಜಾತಿ, ಒಣಗಿ ಕಾಗದದ ಹಾಗೆ ಉದುರುತ್ತದೆ, ಗುಡಿಸಿದರೆ ಆಯಿತು. ನಿಜವಾದ ಹೂ ಅದರೊಳಗಿನ ಬಿಳಿ ಕೊಳವೆ, ಒಂದು ಗುಂಪಿಗೆ ಮೂರು. ಹಿಟ್ಟು ತಿಗಣೆ ಬಂದರೆ ಮಾತ್ರ ಅಂಟು ತೊಟ್ಟಿಕ್ಕಿ ಕಾರಿನ ಮೇಲೆ ಕಪ್ಪು ಕೂರುತ್ತದೆ, ಕಂಡ ತಕ್ಷಣ ನೀರಿನ ರಭಸಕ್ಕೆ ತೊಳೆದು ಬೇವಿನೆಣ್ಣೆ ಹೊಡೆಯಿರಿ. ಹಕ್ಕಿ ಗೂಡು ಕಟ್ಟಿದರೆ ಹಿಕ್ಕೆಗೆ ನಾನು ಜವಾಬ್ದಾರನಲ್ಲ.

ಒಂದು ವರ್ಷದಲ್ಲಿ 18 ಅಡಿ ತುಂಬುತ್ತದೆ ಅಂತ ಮನೆಯವರಿಗೆ ಮಾತು ಕೊಡಬೇಡಿ. ಪೂರ್ತಿ ನೆರಳಿಗೆ ಎರಡು ಮೂರು ವರ್ಷ ಬೇಕು. ಅಲ್ಲಿಯವರೆಗೆ ಮೇಲೆ ಹಸಿರು ಶೇಡ್ ನೆಟ್ ಬಿಗಿದುಬಿಡಿ, ಬಳ್ಳಿ ಬಂದ ಹಾಗೆ ಬಿಚ್ಚುತ್ತಾ ಹೋಗಿ. ಶೀಟಿನ ಮಾತು ಏಳುವುದಿಲ್ಲ.

ಹಿತ್ತಲ ಗಿಡ:

ಬೇಜಾರಿಲ್ಲ ಮಾಸ್ತರ್. ರೌಡಿ ಅಂದದ್ದಕ್ಕೆ ಮಾತ್ರ ನನ್ನ ಆಕ್ಷೇಪ ಇದೆ.

ಕ್ಯಾತ್ಸಂದ್ರದ ಮನೆ:

ಶೇಡ್ ನೆಟ್ ಐಡಿಯಾಗೆ ಮನೆಯವರು ಒಪ್ಪಿದರು. ಕೊನೆಯ ಪ್ರಶ್ನೆ, ಗೂಟಿ ಕಡಿದು ತಿಪಟೂರಿನಿಂದ ಬಸ್ಸಿನಲ್ಲಿ ತರಬೇಕು. ಪ್ಲಾಸ್ಟಿಕ್ ಬಿಚ್ಚಿ ತರಬೇಕಾ, ಹಾಗೇನಾ? ತಂದ ದಿನವೇ ಗುಂಡಿಗೆ ನೆಡಬಹುದಾ?

ಗೂಟಿ ಮಾಸ್ತರ್:

ಬಿಚ್ಚಬೇಡಿ. ಪ್ಲಾಸ್ಟಿಕ್ ಒಳಗೆ ಬೇರು ಬಿಳಿಯಿಂದ ಕಂದಿಗೆ ತಿರುಗಿ ಸುತ್ತಲೂ ತುಂಬಿ ಕಂಡ ಮೇಲೆಯೇ ಕಡಿಯಿರಿ, ಉಂಡೆಯ ಕೆಳಗಿನ ಕಟ್ಟಿನ ಕೆಳಗೆ. ಎಲೆ ಅರ್ಧಕ್ಕರ್ಧ ಕಿತ್ತು ಹಾಕಿ, ಉಂಡೆ ಅಲುಗದ ಹಾಗೆ ಚೀಲದಲ್ಲಿ ನಿಲ್ಲಿಸಿ ತನ್ನಿ, ಬಸ್ಸಿನ ಮೇಲಿನ ಕ್ಯಾರಿಯರ್‌ಗೆ ಎಸೆಯಬೇಡಿ. ನೇರ ಗುಂಡಿಗೆ ಬೇಡ. ಮೊದಲು ಎಂಟಿಂಚಿನ ಕುಂಡಕ್ಕೆ, ಅದೂ ಪ್ಲಾಸ್ಟಿಕ್ಕನ್ನು ಕತ್ತರಿಯಿಂದ ಸೀಳಿ ತೆಗೆದು, ಉಂಡೆ ಒಡೆಯದೆ. ಒಂದು ತಿಂಗಳು ನೆರಳು, ಆಮೇಲೆ ಬೆಳಗಿನ ಬಿಸಿಲು, ಹೊಸ ಚಿಗುರು ಗಟ್ಟಿಯಾದ ಮೇಲೆ ಗುಂಡಿ. ನಾಲ್ಕೂ ಗೂಟಿ ಬದುಕಿದರೆ ಒಂದು ನಾದಿನಿಯವರ ಹೆಸರಲ್ಲಿ ಯಾರಿಗಾದರೂ ಕೊಡಿ, ಒಂದೇ ಚಪ್ಪರಕ್ಕೆ ನಾಲ್ಕು ನೆಡುವ ಆಸೆ ಬೇಡ.